ಒಕ್ಲಹೋಮಾದಲ್ಲಿ ನಡುಗಿದ ನೆಲ, ಪಾಂಡವಪುರದಲ್ಲಿ ಬತ್ತಿದ ಬೋರು

ಪ್ರಶ್ನೆ: "ಸರ್, ನಾನು ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರು ಎಕರೆ ಜಮೀನಿದೆ, ಕಬ್ಬು ಮತ್ತು ತೆಂಗು. ಮಗಳು ಅಳಿಯ ಅಮೆರಿಕದ ಒಕ್ಲಹೋಮಾದಲ್ಲಿದ್ದಾರೆ, ಅಲ್ಲೇ ಮನೆ ಕೊಳ್ಳಲು ಓಡಾಡುತ್ತಿದ್ದಾರೆ. ಹೋದ ತಿಂಗಳು ರಾತ್ರಿ ಮನೆ ಅಲುಗಾಡಿ ಗೋಡೆಯಲ್ಲಿದ್ದ ದೇವರ ಫೋಟೊ ಬಿತ್ತಂತೆ. ಎಣ್ಣೆ ಕಂಪನಿಯವರು ಕೊಳಕು ನೀರನ್ನು ಭೂಮಿಯೊಳಗೆ ನೂಕುವುದರಿಂದ ಹೀಗಾಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದರಂತೆ. ಇದು ನಿಜವಾ, ಸುಮ್ನೆ ಮಾತಾ? ಮನೆ ಕೊಳ್ಳಲು ಹೇಳಲೋ ಬೇಡವೋ? ಇದನ್ನು ಕೇಳಿದ ನನ್ನ ಷಡ್ಡಕ, 'ನೀವೂ ಬೋರಿಗೆ ಮಳೆ ನೀರು ಬಿಡ್ತಿದ್ದೀರಲ್ಲ, ಮೊದಲು ಆ ಗುಂಡಿ ಮುಚ್ಚಿಸಿ' ಅಂದ. ಕೆಆರ್‌ಎಸ್ ಬೇರೆ ಹತ್ತಿರದಲ್ಲೇ ಇದೆ. ನಮ್ಮ ಕಡೆ ಆಗಾಗ ಕಿಟಕಿ ಗಾಜು ಅದುರಿದ್ದೂ ಉಂಟು. ಇನ್ನೊಂದು, ಊರಾಚೆಯ ಒಂದು ಘಟಕದವರು ರಾತ್ರಿ ಹೊತ್ತು ತಮ್ಮ ಕೊಳಚೆ ನೀರನ್ನು ಬತ್ತಿದ ಬೋರಿಗೆ ಬಿಡುತ್ತಾರೆ ಎಂಬ ಮಾತಿದೆ. ಅದರಿಂದಲೂ ಭೂಕಂಪ ಆಗಬಹುದಾ?"

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನಾಲ್ಕು ಭಯ ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಒಂದೊಂದಾಗಿ ಬಿಡಿಸೋಣ. ಮಗಳು ಕೇಳಿಸಿಕೊಂಡದ್ದು ನಿಜ, ಅದು ಗಾಳಿಮಾತಲ್ಲ. ಷಡ್ಡಕರ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ, ಆದರೆ ಅವರು ಬಂದು ನಿಂತ ತೀರ್ಮಾನ ತಪ್ಪು. ದಯವಿಟ್ಟು ಗುಂಡಿ ಮುಚ್ಚಿಸಬೇಡಿ. ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಲ್ಲ, ಆ ಘಟಕದ ವಿಷಯ, ನನ್ನನ್ನು ನಿಜವಾಗಿ ಕಾಡಿದ್ದು ಅದು. ಅಲ್ಲಿಗೆ ಕೊನೆಯಲ್ಲಿ ಬರುತ್ತೇನೆ, ಯಾಕೆಂದರೆ ಮೊದಲಿನದು ಅರ್ಥವಾದರೆ ಅದು ತಾನಾಗಿ ಅರ್ಥವಾಗುತ್ತದೆ.

ನಾನು ಭೂವಿಜ್ಞಾನ ಓದಿದವನು. ಕೆಲಸದ ಬಹುಪಾಲು ಮೈಸೂರು, ಮಂಡ್ಯ, ಚಾಮರಾಜನಗರದ ಬೋರುಗಳ ಜೊತೆ ಕಳೆಯಿತು. ಅದಕ್ಕೂ ಮೊದಲು ಕೆಲವು ವರ್ಷ ಗುಜರಾತಿನ ಮೆಹ್ಸಾಣಾ ಕಡೆಯ ಎಣ್ಣೆ ಬಾವಿಗಳಲ್ಲಿದ್ದೆ. ಎಣ್ಣೆ ಬಾವಿ ಅಂದರೆ ಕಪ್ಪು ಎಣ್ಣೆ ಚಿಮ್ಮುತ್ತದೆ ಅಂದುಕೊಂಡು ಹೋದವನಿಗೆ ಅಲ್ಲಿ ಮೊದಲು ಕಂಡದ್ದು ನೀರು. ಎಣ್ಣೆ ಇರುವ ಕಲ್ಲಿನ ಪದರದಲ್ಲೇ ಕೋಟ್ಯಂತರ ವರ್ಷ ಹಿಂದಿನ ಸಮುದ್ರದ ನೀರು ಸಿಕ್ಕಿಕೊಂಡಿರುತ್ತದೆ. ಎಣ್ಣೆ ಎತ್ತಿದಾಗ ಅದೂ ಮೇಲೆ ಬರುತ್ತದೆ. ಬಾವಿ ಹಳೆಯದಾದಷ್ಟೂ ಎಣ್ಣೆ ಕಮ್ಮಿ, ನೀರು ಜಾಸ್ತಿ. ಒಕ್ಲಹೋಮಾದ ಕೆಲವು ಬಾವಿಗಳಲ್ಲಿ ಒಂದು ಬ್ಯಾರೆಲ್ ಎಣ್ಣೆಗೆ ಹತ್ತು ಬ್ಯಾರೆಲ್ ನೀರು ಬರುತ್ತದೆ, ಇನ್ನೂ ಜಾಸ್ತಿ ಬರುವುದೂ ಉಂಟು. ಒಂದು ಬ್ಯಾರೆಲ್ ಅಂದರೆ 159 ಲೀಟರ್.

ಈ ನೀರನ್ನು ಏನು ಮಾಡುವುದು? ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪು. ಹೊಲಕ್ಕೆ ಬಿಟ್ಟರೆ ನೆಲ ಸಾಯುತ್ತದೆ, ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ. ಅದಕ್ಕೆ ಕುಡಿಯುವ ನೀರಿನ ಪದರಕ್ಕಿಂತ ಬಹಳ ಕೆಳಗೆ ಇನ್ನೊಂದು ಬಾವಿ ಕೊರೆದು ಅದರೊಳಗೆ ವಾಪಸ್ ಇಳಿಸುತ್ತಾರೆ. ಯೋಚನೆಯೇನೋ ಸರಿಯಾದದ್ದೇ. ಅಮೆರಿಕದಲ್ಲಿ ಹೀಗೆ ತ್ಯಾಜ್ಯ ನೀರು ಇಳಿಸುವ ಬಾವಿಗಳು ಸುಮಾರು 40,000 ಇವೆ, ಅದರಲ್ಲಿ ಭೂಕಂಪದ ತಂಟೆಗೆ ಹೋದವು ಬಹಳ ಕಡಿಮೆ. ತೊಂದರೆ ಆಗುವುದು ನೀರು ಇಳಿದ ಜಾಗದ ಕೆಳಗೆ ಹಳೆಯ ಸೀಳು ಇದ್ದಾಗ.

ಸೀಳು ಅಂದರೆ ನಾವು ಫಾಲ್ಟ್ ಅನ್ನುವುದು. ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ಎರಡು ಬಂಡೆ ಮೈಗೆ ಮೈ ಒತ್ತಿಕೊಂಡು ನಿಂತಿರುತ್ತವೆ. ಅವನ್ನು ಪಕ್ಕಕ್ಕೆ ತಳ್ಳುವ ಬಲ ಭೂಮಿಯಲ್ಲಿ ಯಾವಾಗಲೂ ಇದೆ. ಆದರೂ ಜಾರುವುದಿಲ್ಲ, ಯಾಕೆಂದರೆ ಮೇಲಿನ ಭಾರ ಅವನ್ನು ಬಿಗಿಯಾಗಿ ಒತ್ತಿ ಹಿಡಿದಿದೆ. ಈಗ ಆ ಸಂದಿಗೆ ನೀರು ಒತ್ತಡದಿಂದ ಹೋಯಿತು ಅಂತಿಟ್ಟುಕೊಳ್ಳಿ. ನೀರು ಎಣ್ಣೆ ಸವರಿದ ಹಾಗೆ ಕೆಲಸ ಮಾಡಿ ಬಂಡೆ ಜಾರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ಪತ್ರಿಕೆಗಳಲ್ಲೂ ಹಾಗೇ ಬರೆಯುತ್ತಾರೆ. ಹಾಗಲ್ಲ. ನಿಮ್ಮ ಮನೆಯವರನ್ನು ಕೇಳಿ ನೋಡಿ, ಅಡುಗೆ ಕಟ್ಟೆಯ ಕಲ್ಲು ಒದ್ದೆ ಇದ್ದಾಗ ಬಿಸಿ ನೀರಿನಲ್ಲಿ ತೊಳೆದ ಸ್ಟೀಲ್ ಲೋಟವನ್ನು ಬೋರಲು ಹಾಕಿದರೆ ಅದು ತಾನೇ ಸರ್ರನೆ ಜಾರಿ ಹೋಗುತ್ತದೆ. ಕಲ್ಲು ಅದೇ, ಲೋಟ ಅದೇ, ಒದ್ದೆಯೂ ಅದೇ. ತಣ್ಣಗಿನ ಲೋಟ ಹಾಗೆ ಹೋಗುವುದಿಲ್ಲ. ಬಿಸಿ ಲೋಟದ ಒಳಗಿನ ಗಾಳಿ ಹಿಗ್ಗಿ, ಲೋಟವನ್ನು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿಹಿಡಿಯುತ್ತದೆ, ಭಾರ ಕಲ್ಲಿನ ಮೇಲೆ ಕೂರುವುದಿಲ್ಲ, ಅದಕ್ಕೇ ಹಿಡಿತ ತಪ್ಪುತ್ತದೆ. ಭೂಮಿಯೊಳಗೂ ಇಷ್ಟೇ. ಸಂದಿಯ ನೀರಿನ ಒತ್ತಡ ಎರಡು ಬಂಡೆಗಳನ್ನು ಒಂಚೂರು ದೂರ ಹಿಡಿಯುತ್ತದೆ, ಮೊದಲೇ ಜಾರಲು ತಯಾರಾಗಿದ್ದ ಸೀಳು ಜಾರುತ್ತದೆ. ಹೊಸ ಬಲವನ್ನು ಯಾರೂ ತುಂಬಿಲ್ಲ, ಭೂಮಿಯಲ್ಲಿದ್ದ ಬಲಕ್ಕೆ ಅಡ್ಡವಾಗಿದ್ದ ಹಿಡಿತವನ್ನು ಸಡಿಲ ಮಾಡಿದ್ದೇವೆ.

ಇದನ್ನು ಮನುಷ್ಯ ಕಲಿತದ್ದು ಒಂದು ಅಪಘಾತದಿಂದ. ಅಮೆರಿಕದ ಡೆನ್ವರ್ ಪಕ್ಕದಲ್ಲಿ ಸೇನೆಯ ರಾಸಾಯನಿಕ ಅಸ್ತ್ರಗಳ ಕಾರ್ಖಾನೆಯೊಂದಿತ್ತು. ಅದರ ವಿಷದ ನೀರನ್ನು ಹಾಕಲು ಸುಮಾರು 3,670 ಮೀಟರ್ ಆಳದ ಬಾವಿ ಕೊರೆದು 1962ರ ಮಾರ್ಚ್‌ನಲ್ಲಿ ನೀರು ಇಳಿಸಲು ಶುರು ಮಾಡಿದರು. ಸ್ವಲ್ಪ ದಿನದಲ್ಲೇ ಊರು ನಡುಗತೊಡಗಿತು. 1965ರಲ್ಲಿ ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ಯಾವ ತಿಂಗಳು ಎಷ್ಟು ನೀರು ಹೋಯಿತು, ಯಾವ ತಿಂಗಳು ಎಷ್ಟು ಕಂಪನ ಆಯಿತು ಎಂಬ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಎರಡೂ ಜೊತೆಜೊತೆಗೆ ಏರಿ ಇಳಿಯುತ್ತಿದ್ದವು. 1966ರ ಫೆಬ್ರವರಿಯಲ್ಲಿ ನೀರು ನಿಲ್ಲಿಸಿದರು. ಆದರೆ ಅಲ್ಲಿನ ಅತಿ ದೊಡ್ಡ ಭೂಕಂಪ, ತೀವ್ರತೆ 5ರ ಹತ್ತಿರದ್ದು, ಬಂದದ್ದು 1967ರ ಆಗಸ್ಟ್‌ನಲ್ಲಿ, ನೀರು ನಿಲ್ಲಿಸಿ ಒಂದೂವರೆ ವರ್ಷ ಆದ ಮೇಲೆ! ಇದನ್ನು ನೆನಪಿಡಿ, ಮಗಳ ಮನೆ ವಿಷಯಕ್ಕೆ ಬೇಕಾಗುತ್ತದೆ. ಒತ್ತಡ ಕಲ್ಲಿನ ಬಿರುಕುಗಳಲ್ಲಿ ನಿಧಾನವಾಗಿ ಹರಡುತ್ತದೆ, ಮೇಲೆ ನಲ್ಲಿ ತಿರುಗಿಸಿದ ತಕ್ಷಣ ಕೆಳಗೆ ನಿಲ್ಲುವುದಿಲ್ಲ.

ಆಮೇಲೆ ಅದೇ ಕೊಲೊರಾಡೊ ರಾಜ್ಯದ ರೇಂಜ್ಲಿ ಎಂಬ ಎಣ್ಣೆ ಕ್ಷೇತ್ರದಲ್ಲಿ, 1969ರಿಂದ 1973ರವರೆಗೆ, ಅಲ್ಲಿನ ಸರ್ಕಾರಿ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಬೇಕಂತಲೇ ಪರೀಕ್ಷೆ ಮಾಡಿತು. ಒತ್ತಡ ಏರಿಸಿದರೆ ಸಣ್ಣ ಕಂಪನಗಳು ಶುರು, ನೀರನ್ನು ವಾಪಸ್ ಎತ್ತಿ ಒತ್ತಡ ಇಳಿಸಿದರೆ ಬಂದ್. ಅಂದರೆ ಐವತ್ತು ವರ್ಷಕ್ಕೂ ಹಿಂದೆಯೇ ಇದು ಗೊತ್ತಿತ್ತು. ಗೊತ್ತಿದ್ದೂ ಒಕ್ಲಹೋಮಾದಲ್ಲಿ ಅಷ್ಟು ದೂರ ಹೋಗಲು ಬಿಟ್ಟರಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ವಿಷಯ.

ಒಕ್ಲಹೋಮಾದ ಲೆಕ್ಕ ನೋಡಿ. 2009ಕ್ಕೆ ಮೊದಲು 3ಕ್ಕಿಂತ ದೊಡ್ಡ ಭೂಕಂಪ ಅಲ್ಲಿ ವರ್ಷಕ್ಕೆ ಒಂದೋ ಎರಡೋ ಆಗುತ್ತಿತ್ತು. 2015ರಲ್ಲಿ ಅದು 900 ದಾಟಿತು. ಆ ಸೀಮೆಯಲ್ಲಿ ಎಣ್ಣೆಯ ಜೊತೆ ಬಂದ ಉಪ್ಪುನೀರನ್ನೆಲ್ಲ ಆರ್ಬಕಲ್ ಎಂಬ ಸುಣ್ಣಕಲ್ಲಿನ ಪದರಕ್ಕೆ ಇಳಿಸುತ್ತಿದ್ದರು. ಅದು ಬಿರುಕು, ಟೊಳ್ಳು ತುಂಬಿದ ಕಲ್ಲು, ಎಷ್ಟೋ ಕಡೆ ಪಂಪ್ ಕೂಡ ಬೇಡ, ನೀರು ತನ್ನ ಭಾರಕ್ಕೇ ಇಳಿದು ಹೋಗುತ್ತಿತ್ತು. ಎಲ್ಲರಿಗೂ ಅದೊಂದು ಅನುಕೂಲ ಅನ್ನಿಸಿತು. ಆದರೆ ಆರ್ಬಕಲ್‌ನ ಕೆಳಗೇ ಗಟ್ಟಿ ತಳಪಾಯದ ಬಂಡೆ ಇದೆ, ಅದರಲ್ಲಿ ಹಳೆಯ ಸೀಳುಗಳಿವೆ. ಒತ್ತಡ ಅಲ್ಲಿಗೆ ಇಳಿಯಿತು. 2011ರ ನವೆಂಬರ್‌ನಲ್ಲಿ ಪ್ರಾಗ್ ಎಂಬ ಊರಿನ ಬಳಿ 5.7, 2016ರ ಸೆಪ್ಟೆಂಬರ್ 3ರಂದು ಪಾನಿ ಎಂಬಲ್ಲಿ 5.8. ಆ ರಾಜ್ಯದಲ್ಲಿ ದಾಖಲಾದ ಅತಿ ದೊಡ್ಡದು ಅದೇ. ಚಿಮಣಿಗಳು ಬಿದ್ದವು, ಇಟ್ಟಿಗೆ ಗೋಡೆ ಕಳಚಿದವು.

ನಂತರ ರಾಜ್ಯದ ನಿಯಂತ್ರಕರು ಬಾವಿಗೆ ಇಳಿಸುವ ನೀರನ್ನು ಕಡಿತ ಮಾಡಿಸಿದರು, ತೀರಾ ಆಳಕ್ಕೆ ಹೋಗಿದ್ದ ಬಾವಿಗಳ ತಳಕ್ಕೆ ಸಿಮೆಂಟ್ ತುಂಬಿಸಿದರು. ಅದೇ ಹೊತ್ತಿಗೆ ಎಣ್ಣೆ ಬೆಲೆಯೂ ಕುಸಿದಿತ್ತು, ನೀರು ಬರುವುದೇ ಕಮ್ಮಿಯಾಯಿತು. 2019ರ ಹೊತ್ತಿಗೆ 3ಕ್ಕಿಂತ ದೊಡ್ಡವು ವರ್ಷಕ್ಕೆ ನೂರಕ್ಕೂ ಕೆಳಗೆ ಬಂದವು. ಇನ್ನೂ ಆಗುತ್ತಿವೆ, ನಿಮ್ಮ ಮಗಳ ಮನೆಯ ಫೋಟೊ ಬಿದ್ದದ್ದೂ ಅಂಥದ್ದೇ ಇರಬಹುದು, ಆದರೆ ಆ ದಿನಗಳಂತಿಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ತೆಗೆದುಬಿಡೋಣ, ಮಗಳ ಕಿವಿಗೂ ಬಿದ್ದಿರುತ್ತವೆ. ಮೊದಲನೆಯದು, ಇದೆಲ್ಲ ಫ್ರ್ಯಾಕಿಂಗ್‌ನಿಂದ, ಅಂದರೆ ಎಣ್ಣೆಗಾಗಿ ಕಲ್ಲನ್ನು ನೀರಿನ ಒತ್ತಡದಿಂದ ಸೀಳುವುದರಿಂದ ಎಂಬುದು. ಕೆನಡಾದ ಪಶ್ಚಿಮದಲ್ಲಿ ಅದರಿಂದಲೂ ಭೂಕಂಪ ಆಗಿವೆ, ಆದರೆ ಒಕ್ಲಹೋಮಾದಲ್ಲಿ ಬಹುಪಾಲು ಆದದ್ದು ತ್ಯಾಜ್ಯ ನೀರು ಇಳಿಸಿದ್ದರಿಂದ. ಸೀಳುವ ಕೆಲಸ ಕೆಲವು ದಿನದ್ದು, ನೀರು ಇಳಿಸುವುದು ವರ್ಷಗಟ್ಟಲೆ ನಡೆಯುವಂಥದ್ದು. ಎರಡನೆಯದು, ಸಣ್ಣ ಸಣ್ಣ ಭೂಕಂಪ ಆಗುತ್ತಿದ್ದರೆ ಒಳ್ಳೆಯದೇ, ಒತ್ತಡ ಹೊರಗೆ ಹೋಗಿ ದೊಡ್ಡದು ತಪ್ಪುತ್ತದೆ ಎಂಬುದು. ಕುಕ್ಕರ್ ವಿಷಲ್ ಹಾಕಿದ ಹಾಗೆ ಎಂದು ಹೇಳುತ್ತಾರೆ. ನೀವು ಮೇಷ್ಟ್ರು, ಲೆಕ್ಕ ಮಾಡಿ ನೋಡಿ. ತೀವ್ರತೆ ಒಂದು ಅಂಕ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಹಾಗಾದರೆ 6ರ ಒಂದು ಭೂಕಂಪದ ಶಕ್ತಿ ಹೊರಹೋಗಲು 3ರ ಭೂಕಂಪ ಸುಮಾರು 32,000 ಸಲ ಆಗಬೇಕು. ಅಷ್ಟು ಸಲ ಎಲ್ಲೂ ಆಗುವುದಿಲ್ಲ.

ಸರಿ, ಮನೆ ಕೊಳ್ಳಬೇಕೋ ಬೇಡವೋ. ನನ್ನ ಮಗಳಾಗಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ. ಆದರೆ ಕೆಲವು ಕೆಲಸ ಮಾಡಿಸುತ್ತಿದ್ದೆ. ಯುಎಸ್‌ಜಿಎಸ್‌ನವರು ಆದ ಪ್ರತಿ ಭೂಕಂಪವನ್ನೂ ನಕ್ಷೆಯಲ್ಲಿ ಹಾಕುತ್ತಾರೆ, ಯಾರು ಬೇಕಾದರೂ ನೋಡಬಹುದು. ಆ ಮನೆಯ ಸುತ್ತ 20 ಕಿ.ಮೀ. ಒಳಗೆ ಕಳೆದ ಐದು ವರ್ಷದಲ್ಲಿ ಎಷ್ಟು ಆಗಿವೆ, ಎಲ್ಲಿ ಗುಂಪಾಗಿವೆ ಅಂತ ಎಣಿಸಲಿ. ಆ ಸುತ್ತಿನ ಬಾವಿಗೆ ನೀರು ಇಳಿಸುವುದು ನಿಂತಿದೆ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಸಮಾಧಾನ ಬೇಡ, ಡೆನ್ವರ್ ಕಥೆ ಹೇಳಿದೆನಲ್ಲ. ಪ್ರಾಗ್ ಹತ್ತಿರವೂ ಒಂದು ಬಾವಿಗೆ 1993ರಿಂದ ನೀರು ಬಿಡುತ್ತಿದ್ದರು, ದೊಡ್ಡ ಭೂಕಂಪ ಆದದ್ದು 18 ವರ್ಷದ ನಂತರ.

ಇನ್ನೊಂದು, ಅಲ್ಲಿನ ಬಹಳ ಮನೆಗಳ ಗೋಡೆ ಮರದ್ದು, ಹೊರಗೆ ಅಂದಕ್ಕೆ ಇಟ್ಟಿಗೆಯ ಒಂದು ಪದರ. ಮರದ ಚೌಕಟ್ಟು ಬಗ್ಗುತ್ತದೆ, ಬೀಳುವುದಿಲ್ಲ, ಅದು ಒಳ್ಳೆಯದೇ. ಇಟ್ಟಿಗೆ ಪದರ ಮತ್ತು ಚಿಮಣಿ ಮಾತ್ರ ಕಳಚಿ ಬೀಳುತ್ತವೆ. ಕೊಳ್ಳುವ ಮೊದಲು ಪರೀಕ್ಷೆ ಮಾಡುವವರಿಗೆ ಇವೆರಡನ್ನೂ, ಪಾಯದ ಬಿರುಕನ್ನೂ ವಿಶೇಷವಾಗಿ ನೋಡಲು ಹೇಳಲಿ. ನೀರು ಕಾಯಿಸುವ ದೊಡ್ಡ ಟ್ಯಾಂಕನ್ನು ಗೋಡೆಗೆ ಪಟ್ಟಿ ಹಾಕಿ ಕಟ್ಟಿಸಲಿ, ಅದು ಉರುಳಿ ಗ್ಯಾಸ್ ಪೈಪ್ ಮುರಿದರೆ ಬೆಂಕಿ ಹತ್ತುತ್ತದೆ. ಮಲಗುವ ಮಂಚದ ತಲೆಯ ಮೇಲೆ ಭಾರದ ಫೋಟೊ ತೂಗು ಹಾಕುವುದು ಬೇಡ, ದೇವರದಾದರೂ.

ವಿಮೆ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಅಲ್ಲಿ ಸಾಮಾನ್ಯ ಮನೆ ವಿಮೆಯಲ್ಲಿ ಭೂಕಂಪ ಸೇರಿರುವುದಿಲ್ಲ, ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕು. ನಷ್ಟದಲ್ಲಿ ಮೊದಲ ಪಾಲು ಮನೆಯವರೇ ಭರಿಸಬೇಕು, ಆ ಪಾಲನ್ನು ಮನೆ ಬೆಲೆಯ ಶೇಕಡಾ ಲೆಕ್ಕದಲ್ಲಿ ಹಾಕುತ್ತಾರೆ, ಹಾಗಾಗಿ ಸಣ್ಣ ಬಿರುಕಿಗೆ ಒಂದು ಡಾಲರ್ ಕೂಡ ಬರದೇ ಇರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮನುಷ್ಯರಿಂದ ಆದ ಭೂಕಂಪಕ್ಕೆ ಪರಿಹಾರ ಇಲ್ಲ ಎಂಬ ಸಾಲು ಪಾಲಿಸಿಯಲ್ಲಿ ಇದೆಯೇ ಎಂದು ಅಳಿಯಂದಿರು ಕೂತು ಓದಲಿ. ಇದೇ ನೆಪದಲ್ಲಿ ಪರಿಹಾರ ನಿರಾಕರಿಸಬಾರದು ಎಂದು ಅಲ್ಲಿನ ವಿಮಾ ಆಯುಕ್ತರು 2015ರಲ್ಲಿ ಕಂಪನಿಗಳಿಗೆ ಎಚ್ಚರಿಕೆ ಕೊಡಬೇಕಾಗಿ ಬಂದಿತ್ತು. ಸಾಲು ಇದ್ದರೆ ಬೇರೆ ಕಂಪನಿ ನೋಡಲಿ, ಮಾನವ ನಿರ್ಮಿತವೂ ಸೇರಿದೆ ಎಂದು ಬರವಣಿಗೆಯಲ್ಲಿ ಪಡೆಯಲಿ. ದೊಡ್ಡ ಕಂಪನ ಆದ ಮೇಲೆ ಕೆಲವು ದಿನ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸುವುದುಂಟು, ಆದ್ದರಿಂದ ರಿಜಿಸ್ಟ್ರೇಷನ್ ದಿನವೇ ಮಾಡಿಸುವುದು ಒಳ್ಳೆಯದು.

ಅಲ್ಲಿನ ಕಂಪನಿಗಳು ಬೇರೆ ಏನು ಮಾಡಬಹುದು ಎಂದು ನೀವು ಕೇಳಿಲ್ಲ, ಆದರೂ ಎರಡು ಮಾತು. ನೀರನ್ನು ಮೇಲಿನ ಪದರಕ್ಕೆ ಬಿಡಬಹುದು, ಭೂಕಂಪ ಕಮ್ಮಿಯಾಗುತ್ತದೆ, ಆದರೆ ಹಳೆಯ ಬಾವಿಗಳ ಸಂದಿಯಿಂದ ಉಪ್ಪುನೀರು ಮೇಲಕ್ಕೆ ಉಕ್ಕುವ ಅಪಾಯ. ಶುದ್ಧ ಮಾಡಬಹುದು, ಖರ್ಚು ವಿಪರೀತ, ಉಳಿದ ಉಪ್ಪಿನ ಗುಡ್ಡೆಯನ್ನು ಎಲ್ಲಿ ಹಾಕುವುದು? ಅದೇ ನೀರನ್ನು ಇನ್ನೊಂದು ಬಾವಿ ಸೀಳಲು ಮತ್ತೆ ಬಳಸುವುದು ನನಗೆ ಮೆಚ್ಚುಗೆಯಾದ ದಾರಿ, ಆದರೆ ಹೊಸ ಬಾವಿ ಕೊರೆಯುತ್ತಿರುವವರೆಗೆ ಮಾತ್ರ ಅದು ನಡೆಯುತ್ತದೆ. ಟೆಕ್ಸಾಸ್‌ನ ಪಶ್ಚಿಮದಲ್ಲಿ ಇದೇ ಗೋಜಲು ಈಗ ನಡೆಯುತ್ತಿದೆ, 2022ರ ನವೆಂಬರ್‌ನಲ್ಲಿ ಅಲ್ಲಿ 5.4ರದ್ದು ಆಯಿತು. ಎಣ್ಣೆಗಷ್ಟೇ ಅಂಟಿದ ರೋಗವೂ ಅಲ್ಲ ಇದು. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಭೂಮಿಯ ಬಿಸಿಯಿಂದ ಕರೆಂಟ್ ಮಾಡಲು ನೀರು ನೂಕಿದರು, 2017ರ ನವೆಂಬರ್‌ನಲ್ಲಿ ನೆಲ ನಡುಗಿ ಹತ್ತಾರು ಜನ ಗಾಯಗೊಂಡರು.

ಈಗ ನಮ್ಮೂರಿಗೆ ಬರೋಣ. ನಿಮ್ಮ ಷಡ್ಡಕರಿಗೆ ಇದನ್ನು ಓದಿ ಹೇಳಿ.

ಭೂಕಂಪ ಎಬ್ಬಿಸುವ ಬಾವಿಗೂ ನಿಮ್ಮ ಇಂಗು ಗುಂಡಿಗೂ ಮೂರು ವ್ಯತ್ಯಾಸ: ಎಷ್ಟು ನೀರು, ಎಷ್ಟು ಆಳ, ಎಷ್ಟು ಒತ್ತಡ. ತಿಂಗಳಿಗೆ 3 ಲಕ್ಷ ಬ್ಯಾರೆಲ್‌ಗಿಂತ ಜಾಸ್ತಿ ನೀರು ಇಳಿಸುವ ಬಾವಿಗಳಿಗೇ ಭೂಕಂಪದ ನಂಟು ಜಾಸ್ತಿ ಎಂದು ಅಮೆರಿಕದ ಅಧ್ಯಯನ ಕಂಡುಕೊಂಡಿದೆ. ನಮ್ಮ ಲೆಕ್ಕದಲ್ಲಿ ಅದು ತಿಂಗಳಿಗೆ ಸುಮಾರು 4 ಕೋಟಿ 77 ಲಕ್ಷ ಲೀಟರ್. ನಿಮ್ಮ ಮನೆ ತಾರಸಿ ಸಾವಿರ ಚದರ ಅಡಿ ಇದೆ ಅಂತಿಟ್ಟುಕೊಳ್ಳಿ. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಒಂದು ಹನಿಯೂ ಚೆಲ್ಲದೆ ಹಿಡಿದರೆ ವರ್ಷಕ್ಕೆ 65,000 ಲೀಟರ್. ಅಂಥ ಒಂದು ಬಾವಿಯ ಒಂದು ತಿಂಗಳ ನೀರಿಗೆ ನಿಮ್ಮ ತಾರಸಿ ಏಳುನೂರು ವರ್ಷಕ್ಕೂ ಜಾಸ್ತಿ ಸುರಿಯಬೇಕು. ಆಳ ನೋಡಿ, 800 ಅಡಿ ಬೋರು ಅಂದರೆ ಕಾಲು ಕಿಲೋಮೀಟರ್ ಇಲ್ಲ. ಒಕ್ಲಹೋಮಾದ ಭೂಕಂಪಗಳು ಹುಟ್ಟಿದ್ದು ಕಿಲೋಮೀಟರ್‌ಗಟ್ಟಲೆ ಕೆಳಗೆ. ಒತ್ತಡವಂತೂ ಇಲ್ಲವೇ ಇಲ್ಲ. ಮೂವತ್ತು ನಲವತ್ತು ವರ್ಷದಿಂದ ಪಂಪ್ ಹಾಕಿ ನಾವೇ ಖಾಲಿ ಮಾಡಿದ ಬಿರುಕುಗಳು ಅವು, ಅಲ್ಲಿಗೆ ಒಂದಿಷ್ಟು ವಾಪಸ್ ತುಂಬುತ್ತಿದ್ದೀರಿ, ಅಷ್ಟೇ.

ಷಡ್ಡಕರ ಮಾತಿನಲ್ಲಿ ಸತ್ಯದ ಎಳೆ ಎಲ್ಲಿದೆ ಅಂದರೆ, ಮಳೆ ನೀರು ಆಳಕ್ಕೆ ಇಳಿದು ಸಣ್ಣ ಕಂಪನ ಆಗುವುದು ಉಂಟು. 2021ರಲ್ಲಿ ಚಿಕ್ಕಬಳ್ಳಾಪುರದ ಕಡೆ ವರ್ಷಗಟ್ಟಲೆ ಬರದ ನಂತರ ಭಾರಿ ಮಳೆಯಾಗಿ, ಕೆರೆಕಟ್ಟೆ ತುಂಬಿ, ಡಿಸೆಂಬರ್‌ನಲ್ಲಿ 3ರ ಆಸುಪಾಸಿನ ಕಂಪನಗಳಾದವು. ನೀರು ಇಂಗಿದ್ದೇ ಕಾರಣ ಇರಬಹುದು ಎಂದು ಆಗ ತಜ್ಞರು ಹೇಳಿದ್ದರು. ಪಾತ್ರೆ ಅಲುಗಾಡಿ ಜನ ಹೊರಗೆ ಓಡಿ ಬರುವಷ್ಟು ಭಯ ಆಗುತ್ತದೆ, ಗಟ್ಟಿ ಮನೆಗೆ ಏನೂ ಆಗುವುದಿಲ್ಲ. ಮತ್ತು ಅದು ಇಡೀ ಸೀಮೆಯ ಮೇಲೆ ಸುರಿದ ಮಳೆ. ಯಾರೋ ಒಬ್ಬರ ಬೋರಿನ ಗುಂಡಿಯಿಂದ ಆದದ್ದಲ್ಲ.

ಇಂಗು ಗುಂಡಿಯ ನಿಜವಾದ ಅಪಾಯ ಬೇರೆ. ಕೊಟ್ಟಿಗೆ ನೀರು, ರಸ್ತೆ ನೀರು, ಗೊಬ್ಬರ ಔಷಧಿ ಹಾಕಿದ ಗದ್ದೆಯ ನೀರು ಅದಕ್ಕೆ ಸೇರಬಾರದು. ದಪ್ಪ ಕಲ್ಲು, ಜಲ್ಲಿ, ಮರಳು ಸರಿಯಾದ ಪದರದಲ್ಲಿ ಇವೆಯೇ, ಕೇಸಿಂಗ್ ಪೈಪಿನ ತೂತಿಗೆ ಸುತ್ತಿದ ಜಾಲರಿ ಹರಿದಿಲ್ಲವೇ ನೋಡಿ. ಎರಡು ವರ್ಷ ಆದರೆ ಮೇಲಿನ ಮರಳು ಕೆಸರು ಕಟ್ಟಿರುತ್ತದೆ, ಮುಂಗಾರಿಗೆ ಮೊದಲು ತೆಗೆದು ತೊಳೆಸಿ. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ.

ಕೆಆರ್‌ಎಸ್ ಬಗ್ಗೆ. ಅಣೆಕಟ್ಟೆಯ ನೀರಿನ ಭಾರ ಮತ್ತು ಒತ್ತಡದಿಂದ ಭೂಕಂಪ ಆಗುವುದು ನಿಜ, ನಮ್ಮ ದೇಶದಲ್ಲೇ ಅದರ ದೊಡ್ಡ ಉದಾಹರಣೆ ಇದೆ. ಮಹಾರಾಷ್ಟ್ರದ ಕೊಯ್ನಾ, 1967ರ ಡಿಸೆಂಬರ್ 11ರ ನಸುಕು, ತೀವ್ರತೆ 6.3. ಆ ಅಣೆಕಟ್ಟೆ 103 ಮೀಟರ್ ಎತ್ತರ, ತುಂಬಲು ಶುರುವಾಗಿ ಐದಾರು ವರ್ಷದಲ್ಲಿ ಆಯಿತು. ಇವತ್ತಿಗೂ ಅಲ್ಲಿ ಸಣ್ಣವು ಆಗುತ್ತಲೇ ಇವೆ, ಅದನ್ನು ಅರಿಯಲೆಂದೇ ಕೇಂದ್ರ ಸರ್ಕಾರ ಅಲ್ಲಿ 3 ಕಿ.ಮೀ. ಆಳದ ಬಾವಿ ಕೊರೆಸಿದೆ. ಕೆಆರ್‌ಎಸ್ ತುಂಬಿದಾಗ 124.8 ಅಡಿ, ಅಂದರೆ 38 ಮೀಟರ್. ತೊಂಬತ್ತು ವರ್ಷದಿಂದ ತುಂಬುತ್ತಿದೆ, ಖಾಲಿಯಾಗುತ್ತಿದೆ, ಕೆಳಗಿನ ಕಲ್ಲು ಅದಕ್ಕೆ ಹೊಂದಿಕೊಂಡಿದೆ. ಹಾಗಂತ ದಕ್ಷಿಣದಲ್ಲಿ ಭೂಕಂಪವೇ ಆಗದು ಎನ್ನಬೇಡಿ. 1900ರ ಫೆಬ್ರವರಿಯಲ್ಲಿ ಕೊಯಮತ್ತೂರಿನ ಬಳಿ 6ರ ಹತ್ತಿರದ್ದು ಆಗಿದೆ, ಮೈಸೂರಿಗೆ ಅದು 150 ಕಿ.ಮೀ. ದೂರ. ಹೊಸ ಮನೆ ಕಟ್ಟುವವರು ಲಿಂಟಲ್ ಮಟ್ಟದಲ್ಲಿ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿಸಿದರೆ ಒಳ್ಳೆಯದು, ಖರ್ಚು ಕಮ್ಮಿ, ಗೋಡೆ ಒಟ್ಟಾಗಿ ನಿಲ್ಲುತ್ತದೆ.

ಕಿಟಕಿ ಅದುರುವುದು ಬಹುಶಃ ಬಂಡೆ ಸಿಡಿಸುವುದರಿಂದ. 2018ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಸೀಮೆಯಲ್ಲಿ ಕೇಳಿದ ದೊಡ್ಡ ಶಬ್ದ ನೆನಪಿದೆಯಲ್ಲ, ಅದರ ನಂತರವೇ ಬೇಬಿ ಬೆಟ್ಟದ ಗಣಿಗಾರಿಕೆಯ ಮಾತು ಜೋರಾಯಿತು. 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಸುತ್ತ 20 ಕಿ.ಮೀ. ಒಳಗೆ, ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ, ಗಣಿಗಾರಿಕೆ ನಿಲ್ಲಿಸಲು ಆದೇಶಿಸಿತು. ಈಗಲೂ ಅದುರಿದರೆ ತಾರೀಕು, ಹೊತ್ತು ಬರೆದಿಡಿ. ಸಿಡಿತ ಹಗಲು ಹೊತ್ತು, ಹೆಚ್ಚು ಕಮ್ಮಿ ಒಂದೇ ಸಮಯಕ್ಕೆ, ಢಂ ಎಂಬ ಸದ್ದಿನ ಜೊತೆ ಬರುತ್ತದೆ. ಭೂಕಂಪಕ್ಕೆ ಗಡಿಯಾರ ಇಲ್ಲ. ಹತ್ತು ಹದಿನೈದು ಸಲದ ಪಟ್ಟಿ ಇದ್ದರೆ ತಹಸೀಲ್ದಾರರ ಮುಂದೆ ಇಡಲು ಅದೇ ಸಾಕ್ಷಿ.

ಇನ್ನು ಆ ಘಟಕ. ಬತ್ತಿದ ಬೋರಿಗೆ ಬಿಟ್ಟ ಕೊಳಚೆಯಿಂದ ಭೂಕಂಪ ಆಗುವುದಿಲ್ಲ. ಮೇಲೆ ಹೇಳಿದ ಮೂರೂ ಲೆಕ್ಕ ಇದಕ್ಕೂ ಅನ್ವಯಿಸುತ್ತವೆ. ಆದರೆ ಮೇಷ್ಟ್ರೇ, ಒಕ್ಲಹೋಮಾದವರು ಮಾಡಿದ ಒಂದು ಸರಿಯಾದ ಕೆಲಸ ಇಲ್ಲಿ ಇಲ್ಲ. ಅವರು ಕೊಳಕು ನೀರನ್ನು ಕುಡಿಯುವ ನೀರಿಗಿಂತ ಕಿಲೋಮೀಟರ್ ಕೆಳಗೆ ಇಳಿಸುತ್ತಾರೆ, ನಡುವೆ ಕಬ್ಬಿಣದ ಪೈಪ್, ಸುತ್ತ ಸಿಮೆಂಟ್ ಇರುತ್ತದೆ. ನಮ್ಮ ಬೋರಿಗೆ ಕೇಸಿಂಗ್ ಮೇಲಿನ ಮಣ್ಣು ಮತ್ತು ಸವೆದ ಕಲ್ಲಿನವರೆಗೆ ಮಾತ್ರ, ಕೆಳಗೆಲ್ಲ ಬರೀ ಬಂಡೆ ಮತ್ತು ಬಿರುಕು. ಆ ಬಿರುಕಿನಲ್ಲೇ ನಿಮ್ಮ ಬೋರಿಗೂ, ಶಾಲೆಯ ಬೋರಿಗೂ, ಪಂಚಾಯಿತಿ ಟ್ಯಾಂಕಿನ ಬೋರಿಗೂ ನೀರು ಬರುವುದು. ಬತ್ತಿದ ಬೋರಿಗೆ ಕೊಳಚೆ ಬಿಡುವುದೆಂದರೆ ಊರಿನ ನೀರಿನ ಹಂಡೆಗೇ ಬಿಟ್ಟ ಹಾಗೆ.

ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಬೇರೆ ತಾಲ್ಲೂಕಿನ ಒಂದು ಊರು. ಒಬ್ಬ ಹೆಣ್ಣುಮಗಳು ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಇಟ್ಟರು, ಟೀ ಡಿಕಾಕ್ಷನ್ ಬಣ್ಣ, ಸುಟ್ಟ ಬೆಲ್ಲದ ವಾಸನೆ. ಅವರ ಬೋರಿನಿಂದ ನಾನೂರು ಅಡಿ ದೂರದಲ್ಲಿ ಒಂದು ಘಟಕ ಹಳೆಯ ಬೋರಿಗೆ ಪೈಪ್ ಇಳಿಸಿತ್ತು. ಪೈಪ್ ತೆಗೆಸಿದರು. ಮೂರು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದೆ, ಬಣ್ಣ ತಿಳಿಯಾಗಿತ್ತು, ವಾಸನೆ ಹೋಗಿರಲಿಲ್ಲ, ಅವರು ಇನ್ನೂ ಅರ್ಧ ಮೈಲಿಯಿಂದ ನೀರು ಹೊರುತ್ತಿದ್ದರು. ಒಳಗೆ ಹೋದದ್ದನ್ನು ಹೊರಗೆ ತೆಗೆಯುವ ಯಂತ್ರ ನಮ್ಮ ಹತ್ತಿರ ಇಲ್ಲ.

ಈಗ ಇದು ಬರೀ ಮಾತೋ ನಿಜವೋ ಗೊತ್ತಿಲ್ಲ, ಆದ್ದರಿಂದ ಮೊದಲು ಯಾರ ಮೇಲೂ ಹೆಸರು ಹಾಕಬೇಡಿ. ನೀರಿನಿಂದ ಶುರು ಮಾಡಿ. ಆ ಜಾಗಕ್ಕೆ ಹತ್ತಿರದ ಎರಡು ಬೋರು, ದೂರದ ಒಂದು ಬೋರು, ಮೂರರಿಂದ ನೀರು ಹಿಡಿಯಿರಿ. ದೂರದ್ದು ಯಾಕೆಂದರೆ ಹೋಲಿಸಿ ನೋಡಲು. ಪಂಪನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಅದೇ ನೀರಿನಿಂದ ಹೊಸ ಎರಡು ಲೀಟರ್ ಕ್ಯಾನನ್ನು ಮೂರು ಸಲ ತೊಳೆದು, ಕಂಠದವರೆಗೆ ತುಂಬಿಸಿ, ಊರು, ಬೋರು, ತಾರೀಕು, ಹೊತ್ತು ಬರೆದು ಅಂಟಿಸಿ, ಅದೇ ದಿನ ಮಂಡ್ಯದ ಲ್ಯಾಬಿಗೆ ಕೊಡಿ. ಪಿಎಚ್, ಕರಗಿದ ಲವಣ, ಕ್ಲೋರೈಡ್, ನೈಟ್ರೇಟ್, ಸಿಒಡಿ ಇಷ್ಟನ್ನು ಕೇಳಿ. ಸಿಒಡಿ ಅಂದರೆ ನೀರಿನಲ್ಲಿರುವ ಕೊಳೆ ಎಷ್ಟು ಆಮ್ಲಜನಕ ಎಳೆಯುತ್ತದೆ ಎಂಬ ಅಳತೆ. ಒಳ್ಳೆಯ ಬೋರಿನ ನೀರಿನಲ್ಲಿ ಸಿಒಡಿ ತೀರಾ ಕಮ್ಮಿ ಇರುತ್ತದೆ, ಅದು ಏರಿದ್ದರೆ ಕೊಳಚೆ ಸೇರಿರುವ ಸಾಧ್ಯತೆ ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ಕೆಲವು ಕಡೆ ನೈಟ್ರೇಟ್ ಮೊದಲೇ ಜಾಸ್ತಿ, ಅದೊಂದನ್ನೇ ಹಿಡಿದುಕೊಂಡು ಘಟಕದವರ ಮೇಲೆ ಹೋಗಬೇಡಿ. ಬಣ್ಣ, ವಾಸನೆ ಬಂದಿದ್ದರೆ ವರದಿಗೆ ಕಾಯದೆ ಆ ನೀರು ಕುಡಿಯುವುದನ್ನು ನಿಲ್ಲಿಸಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಲವಣ, ರಾಸಾಯನಿಕ ಹೋಗುವುದಿಲ್ಲ.

ವರದಿ ಕೆಟ್ಟದಾಗಿ ಬಂದರೆ ದಾರಿ ಎರಡು. ಪಂಚಾಯಿತಿಯವರನ್ನು ಕರೆದುಕೊಂಡು ಘಟಕದವರ ಜೊತೆ ಕೂತು ಮಾತಾಡುವುದು ಒಂದು. ಬೇಗ ಆಗುತ್ತದೆ, ಊರಿನಲ್ಲಿ ಮನಸ್ತಾಪ ಕಮ್ಮಿ, ಆದರೆ ಇವತ್ತು ಪೈಪ್ ತೆಗೆದು ನಾಳೆ ಇನ್ನೊಂದು ಬೋರಿಗೆ ಹಾಕಿದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಇನ್ನೊಂದು, ಗ್ರಾಮಸಭೆಯ ನಿರ್ಣಯದ ಜೊತೆ ಲ್ಯಾಬ್ ವರದಿ ಲಗತ್ತಿಸಿ ಮಂಡ್ಯದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಜಿಲ್ಲಾಧಿಕಾರಿಗೂ ಬರೆದು ಕೊಟ್ಟು, ಸ್ವೀಕೃತಿ ಪಡೆಯುವುದು. 1974ರ ಜಲ ಕಾಯ್ದೆಯ 24ನೇ ಕಲಂ ಬಾವಿಗೆ ಕೊಳಕು ಬಿಡುವುದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ನಿಧಾನ ಆಗುತ್ತದೆ, ಓಡಾಟ ಇದೆ, ಅಲ್ಲಿ ಕೆಲಸಕ್ಕೆ ಹೋಗುವ ನಿಮ್ಮೂರಿನ ಹುಡುಗರೇ ನಿಮ್ಮ ಮೇಲೆ ಸಿಟ್ಟಾಗಬಹುದು. ಆದ್ದರಿಂದ ಒಬ್ಬರೇ ಸಹಿ ಹಾಕಬೇಡಿ. ನಿಮ್ಮ ಹತ್ತಿರ ಓದಿದ ಮಕ್ಕಳು ಊರಲ್ಲಿ ಎಷ್ಟೋ ಜನ ಇರುತ್ತಾರಲ್ಲ, ಅವರನ್ನು ಕರೆಯಿರಿ, ಅವರ ಮನೆಯ ನೀರೂ ಅದೇ.

ನಾನಾಗಿದ್ದರೆ ಎರಡನೇ ದಾರಿ ಹಿಡಿಯುತ್ತಿದ್ದೆ. ಸ್ಯಾಂಪಲ್ ಮಾತ್ರ ಈ ವಾರವೇ ತೆಗೆಸಿ. ಮಳೆ ಹಿಡಿದರೆ ನೀರು ತೆಳುವಾಗುತ್ತದೆ, ಆಮೇಲೆ ಲ್ಯಾಬಿನಲ್ಲೂ ಸರಿಯಾಗಿ ಸಿಗುವುದಿಲ್ಲ. ವರದಿ ಬಂದ ಮೇಲೆ ನನಗೆ ಕಳಿಸಿ, ಒಂದೊಂದು ಅಂಕಿಯನ್ನೂ ಜೊತೆಗೇ ಓದೋಣ.